ಎರಡು ಕೆಟಲ್‌ಬೆಲ್ಲೋ, ಒಂದೋ, ಡಂಬೆಲ್ಲೋ, ಬಾರ್ಬೆಲ್ಲೋ: ಕ್ಲೀನ್, ಪ್ರೆಸ್, ಸ್ಕ್ವಾಟ್‌ಗೆ ಯಾವುದು ನಿಮಗೆ ಸರಿ?

ಕ್ಲೀನ್, ಪ್ರೆಸ್, ಸ್ಕ್ವಾಟ್. ತೂಕವನ್ನು ಎದೆಗೆ ತರುವುದು, ತಲೆಯ ಮೇಲಕ್ಕೆ ತಳ್ಳುವುದು, ಹಿಡಿದುಕೊಂಡು ಕೂತು ಏಳುವುದು: ಈ ಮೂರನ್ನೇ ಚೆನ್ನಾಗಿ ಮಾಡಿ ಗಟ್ಟಿಯಾಗೋಣ ಅಂತ ಹೊರಟವರು ಸ್ವಲ್ಪ ದಿನಕ್ಕೇ ಒಂದು ಗೊಂದಲಕ್ಕೆ ಬೀಳುತ್ತಾರೆ. "16 ಕೆಜಿಯ ಒಂದು ಕೆಟಲ್‌ಬೆಲ್ ಇದೆ. ಅದಕ್ಕೆ ಇನ್ನೊಂದು ಜೊತೆ ಮಾಡಲಾ? ಡಂಬೆಲ್ ತಗೊಳ್ಳಲಾ? ಇಲ್ಲ, ಇದೆಲ್ಲ ಬಿಟ್ಟು ಬಾರ್ಬೆಲ್ಲೇ ಹಿಡಿಯಲಾ?" (ಕೆಟಲ್‌ಬೆಲ್ ಅಂದರೆ ಮೇಲೆ ಹಿಡಿ ಇರುವ ಕಬ್ಬಿಣದ ಗುಂಡು. ಡಂಬೆಲ್ ಒಂದು ಕೈಯಲ್ಲಿ ಹಿಡಿಯುವ ಗಿಡ್ಡ ರಾಡ್, ಬಾರ್ಬೆಲ್ ಎರಡು ಕೈಯಲ್ಲಿ ಹಿಡಿಯುವ ಉದ್ದ ರಾಡ್, ಎರಡರ ತುದಿಗಳಲ್ಲೂ ತೂಕ.) ಹೀಗೆ ಕೇಳಿದವರಿಗೆಲ್ಲ ಮೊದಮೊದಲು ನಾನು ಕಣ್ಣು ಮುಚ್ಚಿಕೊಂಡು "ಇನ್ನೊಂದು ಕೆಟಲ್‌ಬೆಲ್ ತಗೊಳ್ಳಿ" ಅನ್ನುತ್ತಿದ್ದೆ. ಈಗ ಅಷ್ಟು ಸಲೀಸಾಗಿ ಹೇಳುವುದಿಲ್ಲ. ಮೊದಲು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಒಂದು ಕೈಯಲ್ಲಿ ಎಷ್ಟು ಕೆಜಿ ಪ್ರೆಸ್ ಮಾಡ್ತೀರಿ, ಎಷ್ಟು ಸಲ?

ಉತ್ತರ ಅಲ್ಲೇ ಇರುತ್ತದೆ.

ಯಾವುದರಿಂದ ಅಳೆಯಬೇಕು

ಕ್ಲೀನ್ ಅಂದರೆ ತೂಕವನ್ನು ಕಾಲ ಸಂದಿಯಿಂದ ಎದೆಯ ಮಟ್ಟಕ್ಕೆ ತರುವುದು. ಅಲ್ಲಿ ದುಡಿಯುವುದು ಸೊಂಟ, ಪೃಷ್ಠ, ತೊಡೆಯ ಹಿಂಭಾಗ. ಸ್ಕ್ವಾಟ್‌ನಲ್ಲಿ ತೊಡೆ. ಇವೆಲ್ಲ ದೊಡ್ಡ ಸ್ನಾಯುಗಳು. ಪ್ರೆಸ್‌ನಲ್ಲಿ ಮಾತ್ರ ಭುಜ, ತೋಳು. ಕಾಲು ಹೊರುವಷ್ಟನ್ನು ಭುಜ ತಳ್ಳಲಾರದು. ಆದರೆ ಮೂರನ್ನೂ ತೂಕ ಕೆಳಗಿಡದೆ ಒಂದರ ಹಿಂದೊಂದು ಮಾಡುವಾಗ ಮೂರಕ್ಕೂ ಒಂದೇ ತೂಕ. ಹಾಗಾಗಿ ಭುಜ ಒಪ್ಪಿದ ತೂಕವೇ ಕಾಲಿಗೂ ಸಿಗುವುದು. ಕಾಲಿಗೆ ಅದು ಕಡಿಮೆಯಾಗುತ್ತದೆ.

ಆದ್ದರಿಂದ ನನ್ನ ಮೊದಲ ಅಳತೆಗೋಲು: ಭುಜಕ್ಕೂ ಕಾಲಿಗೂ ಇರುವ ಈ ಅಂತರವನ್ನು ಯಾವ ಸಾಧನ ಹೇಗೆ ತುಂಬುತ್ತದೆ?

ಎರಡನೆಯದು ಮೆಟ್ಟಿಲಿನ ಎತ್ತರ. ಇವತ್ತಿನ ತೂಕ ಸಲೀಸಾದ ಮೇಲೆ ಮುಂದಿನ ತೂಕ ಎಷ್ಟು ದೂರದಲ್ಲಿದೆ? ಕೆಟಲ್‌ಬೆಲ್ ರಷ್ಯಾದಿಂದ ಬಂದದ್ದು. ಅಲ್ಲಿ ಹಳೆಯ ಕಾಲದಲ್ಲಿ 'ಪೂದ್' ಎಂಬ ತೂಕದ ಅಳತೆ ಇತ್ತು, ಸುಮಾರು 16.38 ಕೆಜಿ. ಒಂದು, ಒಂದೂವರೆ, ಎರಡು ಪೂದ್ ಎಂಬ ಲೆಕ್ಕದಲ್ಲೇ 16, 24, 32 ಕೆಜಿ ಬಂದವು. 16ರಿಂದ 24ಕ್ಕೆ ಹೋಗುವುದೆಂದರೆ ಒಂದೇ ಏಟಿಗೆ ಅರ್ಧದಷ್ಟು ಜಾಸ್ತಿ! ಈಗ ನಡುವೆ 20, 28 ಸಿಗುತ್ತವೆ. ಆದರೂ 16ರಿಂದ 20ಕ್ಕೆ 25 ಶೇಕಡಾ ಏರಿಕೆ. ಬಾರ್ಬೆಲ್‌ನಲ್ಲಿ 40ರಿಂದ 42.5ಕ್ಕೆ ಹೋದರೆ ಆರು ಶೇಕಡಾ ಚಿಲ್ಲರೆ, ಅಷ್ಟೇ. ಕಾಲಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಭುಜಕ್ಕೆ ಇದೇ ಎಲ್ಲ.

ಮೂರನೆಯದು, ತೂಕ ಎದೆಯ ಹತ್ತಿರ ಬಂದು ಕೂರುವ ಆ ಜಾಗ, ಅಂದರೆ ರ‍್ಯಾಕ್. ನಿಮ್ಮ ಮಣಿಕಟ್ಟು, ಮುಂಗೈ, ಪಕ್ಕೆಲುಬು ಅದನ್ನು ಒಪ್ಪಬೇಕು. ಉಳಿದ ಜಾಗ, ನೆಲ, ದುಡ್ಡು, ಸಮಯ ಎಲ್ಲ ಆಮೇಲೆ.

ಎರಡು ಕೆಟಲ್‌ಬೆಲ್

ನನಗೆ ಇಷ್ಟವಾದದ್ದು ಇದೇ, ಮೊದಲೇ ಹೇಳಿಬಿಡುತ್ತೇನೆ. ಇಷ್ಟ ಇದ್ದ ಕಡೆ ತಪ್ಪು ಕಾಣುವುದಿಲ್ಲ ಅಂತಾರಲ್ಲ, ಹಾಗಾಗಿ ಇದರ ತಪ್ಪುಗಳಿಂದಲೇ ಶುರು ಮಾಡುತ್ತೇನೆ.

ಮೊದಲ ತಪ್ಪು ಮುಂಗೈ ಮೇಲೆ ಕಾಣುತ್ತದೆ. ನಾನು ಮೊದಲ ವಾರ ಎರಡು 16 ಕೆಜಿ ಹಿಡಿದಾಗ ಎರಡೂ ಮುಂಗೈ ಮೇಲೆ, ವಾಚ್ ಕಟ್ಟುವ ಜಾಗದಿಂದ ನಾಲ್ಕು ಬೆರಳು ಮೇಲೆ, ನೀಲಿ ಪಟ್ಟಿ ಎದ್ದಿತ್ತು. ಅದು ಮಾಸಿ ಹೋಗಲು ಹತ್ತು ದಿನ ಹಿಡಿಯಿತು. ಕಾರಣ ಸರಳ: ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ಗುಂಡನ್ನು ಮುಷ್ಟಿಯ ಮೇಲಿಂದ ಮಗುಚಿ ಹಾಕುತ್ತಿದ್ದೆ. ಗುಂಡು ಮೇಲೆ ಬಂದು ಧಪ್ ಅಂತ ಬೀಳುತ್ತಿತ್ತು. ಗುಂಡು ಕೈಯ ಮೇಲಿಂದ ಹಾರಬಾರದು, ಮಣಿಕಟ್ಟಿನ ಪಕ್ಕದಿಂದ ಸುತ್ತಿಕೊಂಡು ಬರಬೇಕು. ಮೊಣಕೈ ಪಕ್ಕೆಗೆ ಅಂಟಿರಲಿ. ತೂಕ ಹೊಟ್ಟೆಯ ಮಟ್ಟ ದಾಟುವಾಗ ಹಿಡಿತ ಸಡಿಲಿಸಿ, ಹಿಡಿಯೊಳಗೆ ಕೈ ತೂರಿಸಿ. ಸದ್ದಿಲ್ಲದೆ ಬಂದು ಕೂತರೆ ಸರಿಯಾಗಿದೆ ಅಂತ. ಇದನ್ನು ಒಂದೇ ಕೆಟಲ್‌ಬೆಲ್‌ನಲ್ಲಿ ಕಲಿತು ಆಮೇಲೆ ಎರಡಕ್ಕೆ ಹೋಗಿದ್ದರೆ ನನ್ನ ಮುಂಗೈ ಉಳಿಯುತ್ತಿತ್ತು.

ಎರಡನೆಯ ತಪ್ಪು ಇನ್ನೂ ಚಿಕ್ಕದು, ನೋವು ಮಾತ್ರ ದೊಡ್ಡದು. ಎರಡೂ ಎದೆಗೆ ಬರುವಾಗ ಹಿಡಿಗಳು ಟಣ್ ಅಂತ ಒಂದಕ್ಕೊಂದು ತಾಗುತ್ತವೆ. ನಡುವೆ ಬೆರಳ ಚರ್ಮ ಸಿಕ್ಕಿಕೊಂಡರೆ ನಕ್ಷತ್ರ ಕಾಣುತ್ತದೆ. ಒಂದು ಅಂಗುಲ ಅಂತರ ಇಟ್ಟು ತರುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಇನ್ನು ಒಳ್ಳೆಯದು. ಎರಡು ಕೆಟಲ್‌ಬೆಲ್ ರ‍್ಯಾಕ್‌ನಲ್ಲಿ ಹಿಡಿದು ಸ್ಕ್ವಾಟ್‌ಗೆ ಇಳಿದರೆ ತೂಕ ನಿಮ್ಮನ್ನು ಮುಂದಕ್ಕೆ ಎಳೆಯುತ್ತಲೇ ಇರುತ್ತದೆ. ಬಾರ್ಬೆಲ್ ಆದರೆ ಭುಜದ ಮೇಲೆ ಒರಗಿರುತ್ತದೆ. ಇಲ್ಲಿ ಒರಗುವ ಜಾಗವಿಲ್ಲ, ನೀವೇ ತಬ್ಬಿ ಹಿಡಿದಿರಬೇಕು. ಬೆನ್ನಿನ ಮೇಲ್ಭಾಗ, ಹೊಟ್ಟೆ ಎರಡೂ ಒಂದು ಕ್ಷಣ ಬಿಡುವಿಲ್ಲದೆ ದುಡಿಯುತ್ತವೆ. ಐದನೇ ಸ್ಕ್ವಾಟ್‌ಗೆ ಕಾಲಿನ್ನೂ ಹೊಸದಾಗೇ ಇರುತ್ತದೆ, ಉಸಿರು ಮಾತ್ರ ಅರ್ಧದಲ್ಲೇ ನಿಂತುಬಿಡುತ್ತದೆ. ಪಕ್ಕೆಯ ಮೇಲೆ ಕೂತಿರುವ ಕಬ್ಬಿಣ ಎದೆ ಪೂರ್ತಿ ಅರಳಲು ಬಿಡುವುದಿಲ್ಲ. ಬಾರ್ಬೆಲ್‌ನಲ್ಲಿ 48 ಕೆಜಿಯನ್ನು ಆಟದಂತೆ ಎತ್ತುವವರು ಎರಡು 24ರ ಕೆಳಗೆ ಏದುಸಿರು ಬಿಡುವುದನ್ನು ನೋಡಿದ್ದೇನೆ. ಅಂದರೆ ಭುಜಕ್ಕೆ ಹೊಂದುವ ತೂಕವೇ ಕಾಲಿಗಲ್ಲದಿದ್ದರೂ ನಡುಭಾಗಕ್ಕೆ ಭಾರವಾಗುತ್ತದೆ. ಅಂತರ ಪೂರ್ತಿ ಮುಚ್ಚುವುದಿಲ್ಲ, ಆದರೆ ಚೆನ್ನಾಗಿ ಕಡಿಮೆಯಾಗುತ್ತದೆ.

ಉಳಿದ ಅಂತರವನ್ನು ಎಣಿಕೆಯಿಂದ ತುಂಬಬಹುದು. ಅಮೆರಿಕದ ತರಬೇತುದಾರ ಡ್ಯಾನ್ ಜಾನ್ ಜನಪ್ರಿಯ ಮಾಡಿದ ಒಂದು ಸರಣಿ ಇದೆ: 2 ಕ್ಲೀನ್, 1 ಪ್ರೆಸ್, 3 ಸ್ಕ್ವಾಟ್. ನಡುವೆ ಕೆಳಗಿಡುವಂತಿಲ್ಲ. ನೋಡಿ, ಭುಜಕ್ಕೆ ಒಂದೇ ಸಲ, ಕಾಲಿಗೆ ಮೂರು ಸಲ. ನಿಮಿಷಕ್ಕೊಂದು ಸುತ್ತಿನಂತೆ ಹತ್ತು ನಿಮಿಷ ಮಾಡಿದರೆ 20 ಕ್ಲೀನ್, 10 ಪ್ರೆಸ್, 30 ಸ್ಕ್ವಾಟ್ ಆಗುತ್ತದೆ. ಎರಡು 16ರಲ್ಲಿ ಮಾಡಿದರೆ ಒಟ್ಟು ಎತ್ತಿದ್ದು 1,920 ಕೆಜಿ. ಒಂದು ಸುತ್ತಿಗೆ ಹೆಚ್ಚೆಂದರೆ ಅರ್ಧ ನಿಮಿಷ, ಉಳಿದದ್ದು ವಿಶ್ರಾಂತಿ. ಮೂರನೇ ಸುತ್ತಿಗೆ "ಇಷ್ಟೇನಾ?" ಅನಿಸುತ್ತದೆ. ಎಂಟನೇ ಸುತ್ತಿಗೆ ಯಾರೂ ಹಾಗೆ ಅನ್ನುವುದಿಲ್ಲ.

ಪ್ರೆಸ್ಸನ್ನೇ ಬೆಳೆಸಬೇಕು ಅನ್ನುವವರಿಗೆ ಏಣಿ ಒಳ್ಳೆಯದು: 1 ಕ್ಲೀನ್-ಪ್ರೆಸ್, ವಿಶ್ರಾಂತಿ, 2, ವಿಶ್ರಾಂತಿ, 3, ಮತ್ತೆ 1ರಿಂದ. ಸ್ಕ್ವಾಟ್ ಬೇರೆ ದಿನಕ್ಕೆ.

ಇದರ ದೊಡ್ಡ ಕೊರತೆ ಮೆಟ್ಟಿಲು. ಎರಡೂ ಕೈಯಲ್ಲಿ 4 ಕೆಜಿ ಏರಿಸಿದರೆ ಒಟ್ಟು 8 ಕೆಜಿ ಒಮ್ಮೆಗೇ ಏರಿದಂತೆ. ಜೊತೆಗೆ ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಒಂದು ಕೈಯಲ್ಲಿ ಪ್ರೆಸ್ ಮಾಡುವಾಗ ದೇಹ ಸ್ವಲ್ಪ ಪಕ್ಕಕ್ಕೆ ಸರಿದು ತೂಕಕ್ಕೆ ದಾರಿ ಬಿಡುತ್ತದೆ. ಎರಡು ಕೈಯಲ್ಲಿ ಆ ದಾರಿ ಇಲ್ಲ. ಒಂದು 24ನ್ನು ಹೇಗೋ ಒಂದು ಸಲ ತಳ್ಳಿದವರು ಎರಡು 24ನ್ನು ತಳ್ಳುತ್ತಾರೆ ಅಂತೇನಿಲ್ಲ. ಆಗ ಸೊಂಟ ಹಿಂದಕ್ಕೆ ಬಿಲ್ಲಿನಂತೆ ಬಾಗಲು ಶುರುವಾಗುತ್ತದೆ. ಅಲ್ಲಿಗೆ ನಿಲ್ಲಿಸಿಬಿಡಿ.

ಒಂದೇ ಕೆಟಲ್‌ಬೆಲ್

ಒಂದು ಕೈಯಲ್ಲಿ 16ನ್ನು ಐದು ಸಲ ನೆಟ್ಟಗೆ ನಿಂತು ಪ್ರೆಸ್ ಮಾಡಲು ಆಗುತ್ತಿಲ್ಲ ಅಂದರೆ ಎರಡನೆಯದರ ಯೋಚನೆ ಸದ್ಯಕ್ಕೆ ಬಿಡಿ. ಭುಜಕ್ಕೆ ಬೇಕಾದ ಕೆಲಸ ಒಂದರಲ್ಲೇ ಪೂರ್ತಿ ಸಿಗುತ್ತದೆ. ಒಂದು ಪಕ್ಕ ಮಾತ್ರ ಭಾರ ಇರುವುದರಿಂದ ದೇಹ ವಾಲದಂತೆ ಪಕ್ಕದ ಹೊಟ್ಟೆ ಸ್ನಾಯು ದುಡಿಯಬೇಕು, ಅದೊಂದು ಪುಕ್ಕಟೆ ಲಾಭ. ಯಾವ ಕೈ ಸೋಮಾರಿ ಅನ್ನುವುದೂ ಬಯಲಾಗುತ್ತದೆ. ಎಡಗೈಯಿಂದ ಶುರು ಮಾಡಿ, ಅದು ಎಷ್ಟು ಮಾಡಿತೋ ಬಲಗೈಗೂ ಅಷ್ಟೇ ಕೊಡಿ (ಎಡಚರಾದರೆ ತಿರುಗಿಸಿಕೊಳ್ಳಿ).

ಕಾಲಿಗೆ ಮಾತ್ರ ಇದು ಸಾಲದು. 16 ಕೆಜಿ ಹಿಡಿದು ಎರಡು ಕಾಲಲ್ಲಿ ಸ್ಕ್ವಾಟ್ ಮಾಡುವುದು ಕೆಲವೇ ವಾರದಲ್ಲಿ ಸುಮ್ನೆ ಎದ್ದು ಕೂತಂತಾಗುತ್ತದೆ. ಅದಕ್ಕೊಂದು ಉಪಾಯ ಇದೆ. ತೂಕ ಏರಿಸಲಾಗದಿದ್ದರೆ ಕಾಲನ್ನು ಕಡಿಮೆ ಮಾಡಿ. ಹಿಂದಿನ ಪಾದವನ್ನು ಸ್ಟೂಲಿನ ಮೇಲಿಟ್ಟು ಮುಂದಿನ ಒಂದೇ ಕಾಲಲ್ಲಿ ಇಳಿದು ಏಳಿ. ಮೂರು ಎಣಿಸುತ್ತ ಇಳಿದು, ಕೆಳಗೆ ಒಂದು ಕ್ಷಣ ನಿಂತು ಏಳಿ. ಅದೇ 16 ಕೆಜಿ ಆಗ ಬೇರೆಯೇ ಅನಿಸುತ್ತದೆ.

ಸಮಯ ದುಪ್ಪಟ್ಟು ಬೇಕು, ಒಂದೊಂದು ಪಕ್ಕ ಬೇರೆ ಬೇರೆ ಮಾಡಬೇಕಲ್ಲ. ಖರ್ಚು ಅರ್ಧ. ಕಲಿಯುವ ಹಂತದಲ್ಲಿ ಕೈ ತಪ್ಪಿದರೂ ಒಂದನ್ನು ಪಕ್ಕಕ್ಕೆ ಬಿಟ್ಟು ಸರಿಯಬಹುದು. ಎರಡು ಕೈಯಲ್ಲೂ ಭಾರವಿದ್ದಾಗ ಮುಂದಕ್ಕೆ ಬಿಟ್ಟು ಹಿಂದಕ್ಕೆ ಜಿಗಿಯಬೇಕು. ಅಷ್ಟು ಬೇಗ ಹೊಳೆಯುವುದಿಲ್ಲ.

ಜೋಡಿಯಲ್ಲದ ಜೋಡಿ

ಇದನ್ನು ಅಂಗಡಿಯವರು ಹೇಳುವುದಿಲ್ಲ. 16 ಒಂದು, 20 ಒಂದು ಇದ್ದರೆ ಎರಡನ್ನೂ ಒಟ್ಟಿಗೆ ಹಿಡಿಯಿರಿ. ಒಟ್ಟು 36. ಎರಡು 16ರ 32ಕ್ಕೂ ಎರಡು 20ರ 40ಕ್ಕೂ ಸರಿಯಾಗಿ ನಡುವೆ. ಪ್ರತಿ ಸುತ್ತಿಗೂ ಕೈ ಬದಲಾಯಿಸಿ. ಮೊದಲೆರಡು ದಿನ ಕ್ಲೀನ್ ಸೊಟ್ಟಗಾಗುತ್ತದೆ, ಆಮೇಲೆ ದೇಹ ಹೊಂದಿಕೊಳ್ಳುತ್ತದೆ. ಮೆಟ್ಟಿಲಿನ ಸಮಸ್ಯೆಗೆ ಇದಕ್ಕಿಂತ ಅಗ್ಗದ ಪರಿಹಾರ ನನಗೆ ಗೊತ್ತಿಲ್ಲ. 16ರ ಜೋಡಿ ಇರುವವರು ಒಂದೇ ಒಂದು 20 ತಂದರೆ ಸಾಕು, ಎಷ್ಟೋ ತಿಂಗಳು ಅದರಲ್ಲೇ ದೂಡಬಹುದು.

ಡಂಬೆಲ್

ಕೆಟಲ್‌ಬೆಲ್ ಪ್ರಿಯರು ಡಂಬೆಲ್ಲನ್ನು ಕಂಡರೆ ಮೂಗು ಮುರಿಯುತ್ತಾರೆ. ಅದು ಅನ್ಯಾಯ. ಪ್ರೆಸ್ ಬೆಳೆಸುವುದೇ ಮುಖ್ಯ ಅಂದರೆ ಡಂಬೆಲ್ ಸದ್ದಿಲ್ಲದೆ ಗೆಲ್ಲುತ್ತದೆ. ತೂಕ ಮುಷ್ಟಿಯ ಎರಡೂ ಬದಿಗೆ ಸಮ ಇರುತ್ತದೆ, ಮುಂಗೈಗೆ ಏಟಿಲ್ಲ. ಪ್ಲೇಟ್ ಹಾಕಿ ತೆಗೆಯುವ ಡಂಬೆಲ್ ಆದರೆ ಎರಡು, ಎರಡೂವರೆ ಕೆಜಿಯಂತೆ ಏರಿಸಬಹುದು. ಪ್ರೆಸ್‌ಗೆ ಒಂದು ತೂಕ, ಸ್ಕ್ವಾಟ್‌ಗೆ ಇನ್ನೊಂದು ತೂಕ ಮಾಡಿಕೊಳ್ಳಬಹುದು. ಮಲಗಿ ಎದೆಗೆ ಪ್ರೆಸ್ ಮಾಡಲೂ ಇದೇ ಸಲೀಸು.

ಕಷ್ಟ ಬರುವುದು ಕ್ಲೀನ್‌ನಲ್ಲಿ. ಕೆಟಲ್‌ಬೆಲ್ಲಿನ ಗುಂಡು ಹಿಡಿಯಿಂದ ಕೆಳಗೆ ನೇತಾಡುತ್ತದೆ, ಅದಕ್ಕೇ ಕಾಲ ಸಂದಿಯಲ್ಲಿ ತೂಗಿ ಬರುತ್ತದೆ. ಎರಡು ಡಂಬೆಲ್ಲನ್ನು ಹಾಗೆ ತೂಗಲು ಹೋದರೆ ಮಂಡಿಗೆ ತಾಗುತ್ತವೆ. ತೊಡೆಯ ಪಕ್ಕದಿಂದ ಎಳೆದುಕೊಳ್ಳಬೇಕು. ಆಗುತ್ತದೆ, ಆದರೆ ಆ ಲಯ ಸಿಗುವುದಿಲ್ಲ. ಪ್ಲೇಟ್ ಡಂಬೆಲ್‌ನಲ್ಲಿ ಕ್ಲೀನ್ ಮಾಡುವವರು ಪ್ರತಿ ಸೆಟ್‌ಗೂ ಮೊದಲು ಲಾಕ್ ಬಿಗಿ ಇದೆಯಾ ನೋಡಲೇಬೇಕು. ತಲೆಯ ಮೇಲೆ ಹಿಡಿದಾಗ ಪ್ಲೇಟ್ ಜಾರುವುದು ತಮಾಷೆಯಲ್ಲ.

ಬಾರ್ಬೆಲ್

ಶಕ್ತಿಯ ಲೆಕ್ಕ ಮಾತ್ರ ನೋಡಿದರೆ ಬಾರ್ಬೆಲ್ಲಿಗೆ ಎದುರಾಳಿ ಇಲ್ಲ. ಪ್ರೆಸ್ 40 ಕೆಜಿ ಇರಲಿ, ಸ್ಕ್ವಾಟ್ 90 ಇರಲಿ, ಎರಡಕ್ಕೂ ಅದೇ ರಾಡ್. 1.25 ಕೆಜಿಯ ಎರಡು ಪ್ಲೇಟ್ ಇದ್ದರೆ ವಾರ ವಾರ ಒಂದೊಂದು ಮೆಟ್ಟಿಲು ಹತ್ತಬಹುದು. ಭುಜ-ಕಾಲಿನ ಅಂತರ ಎಂಬ ಸಮಸ್ಯೆಯೇ ಇಲ್ಲ, ಯಾಕೆಂದರೆ ಇಲ್ಲಿ ಮೂರನ್ನೂ ಬೇರೆ ಬೇರೆ ಮಾಡುತ್ತೀರಿ.

ಆದರೆ ಅದಕ್ಕೆ ಬೇಕಾದ ಸಂಸಾರ ದೊಡ್ಡದು. ಗಂಡಸರ ಸ್ಪರ್ಧೆಯ ಅಳತೆಯ ರಾಡ್ 20 ಕೆಜಿ, 2.2 ಮೀಟರ್ ಉದ್ದ. ಎರಡೂ ಕಡೆ ಪ್ಲೇಟ್ ಹಾಕಲು ಜಾಗ ಬೇಕು. ಭಾರದ ಸ್ಕ್ವಾಟ್‌ಗೆ ಸ್ಟ್ಯಾಂಡ್ ಬೇಕು. ನೆಲ ಗಟ್ಟಿ ಇರಬೇಕು, ಕೆಳಗೆ ಇರುವವರೂ ಸಹನೆಯವರಾಗಿರಬೇಕು. ಭುಜದ ಮುಂದೆ ರಾಡ್ ಕೂರಿಸಲು ಮಣಿಕಟ್ಟು ಚೆನ್ನಾಗಿ ಹಿಂದಕ್ಕೆ ಬಾಗಬೇಕು. ದಿನವಿಡೀ ಕಂಪ್ಯೂಟರ್ ಮುಂದೆ ಕೂತವರಿಗೆ ಅದೇ ದೊಡ್ಡ ತೊಡಕು. ಕೆಟಲ್‌ಬೆಲ್‌ನಲ್ಲಿ ಎರಡು ಕೈಯೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ, ರಾಡ್ ಎರಡನ್ನೂ ಒಂದೇ ಗೆರೆಗೆ ಕಟ್ಟಿಹಾಕುತ್ತದೆ.

ಇನ್ನೊಂದು ಮಾತು. ಬಾರ್ಬೆಲ್‌ನ ಕ್ಲೀನ್ ಅಂಡ್ ಪ್ರೆಸ್ 1972ರ ಮ್ಯೂನಿಕ್‌ವರೆಗೆ ಒಲಿಂಪಿಕ್ಸ್‌ನಲ್ಲೇ ಇತ್ತು. ಆಮೇಲೆ ತೆಗೆದುಹಾಕಿದರು. ಸ್ಪರ್ಧಿಗಳು ಹಿಂದಕ್ಕೆ ಬಾಗಿ ಬಾಗಿ ತಳ್ಳತೊಡಗಿದ್ದರು, ಯಾವುದು ಪ್ರೆಸ್ ಯಾವುದು ಅಲ್ಲ ಎಂದು ತೀರ್ಪುಗಾರರಿಗೇ ಹೇಳಲಾಗುತ್ತಿರಲಿಲ್ಲ. ಒಲಿಂಪಿಕ್ಸ್‌ನವರೇ ಬಾಗಿದ ಮೇಲೆ ನಾವು ಬಾಗದೆ ಇರುತ್ತೇವಾ? ಯಾವ ಸಾಧನವೇ ಇರಲಿ, ಪಕ್ಕದಿಂದ ಒಂದು ವಿಡಿಯೊ ತೆಗೆದು ನೋಡಿಕೊಳ್ಳಿ.

ಕೆಟಲ್‌ಬೆಲ್ಲೇ ಅಂತಾದರೆ ಯಾವ ಬಗೆ

ಎರಕದ ಕಬ್ಬಿಣದ್ದು ತೂಕ ಏರಿದಂತೆ ಗಾತ್ರವೂ ಏರುತ್ತದೆ. ಸ್ಪರ್ಧೆಯದ್ದು 8 ಇರಲಿ 32 ಇರಲಿ ಒಂದೇ ಗಾತ್ರ, ಬಣ್ಣ ಮಾತ್ರ ಬೇರೆ: 16ಕ್ಕೆ ಹಳದಿ, 20ಕ್ಕೆ ನೇರಳೆ, 24ಕ್ಕೆ ಹಸಿರು. ಗುಂಡಿನ ವ್ಯಾಸ ಸುಮಾರು 21 ಸೆಂ.ಮೀ. ಎರಡು ಸೇರಿದರೆ 42. ಅಷ್ಟು ಅಗಲ ಕಾಲ ಸಂದಿಯಲ್ಲಿ ಹಾದುಹೋಗಬೇಕು, ಅಂದರೆ ಕಾಲು ಅಗಲ ಇಡಲೇಬೇಕು. ಸಣ್ಣ ಮೈಕಟ್ಟಿನವರಿಗೆ, 12ರ ಜೋಡಿಯಲ್ಲಿ ಶುರು ಮಾಡುವವರಿಗೆ ಎರಕದ್ದೇ ಹಿತ. 24ಕ್ಕೆ ಬಂದ ಮೇಲೆ ಸ್ಪರ್ಧೆಯದ್ದು ಮುಂಗೈ ಮೇಲೆ ಚೆನ್ನಾಗಿ ಕೂರುತ್ತದೆ, ತೂಕ ಏರಿಸಿದರೂ ಕೂರುವ ಜಾಗ ಬದಲಾಗುವುದಿಲ್ಲ.

ತೂಕ ಬದಲಾಯಿಸಬಹುದಾದ ಕೆಟಲ್‌ಬೆಲ್ ಎರಡು ಇದ್ದರೆ ಇಡೀ ಸಾಲೇ ಕೈಯಲ್ಲಿದ್ದಂತೆ. ಜಾಗ ಇಲ್ಲದವರಿಗೆ ವರ. ಆದರೆ ಒಳಗಿನ ಪ್ಲೇಟ್ ಗಡಗಡ ಅನ್ನಬಾರದು, ಮುಂಗೈ ತಾಗುವ ಕಡೆ ಮೂಲೆ, ತಿರುಪು ಇರಬಾರದು. ಪ್ಲಾಸ್ಟಿಕ್ ಕವಚದ, ಡಯಲ್ ತಿರುಗಿಸುವ ಬಗೆಯನ್ನು ಕ್ಲೀನ್‌ಗೆ ನಾನು ಹೇಳುವುದಿಲ್ಲ. ವಿನೈಲ್ ಹೊದಿಕೆ ಇರುವುದು ಚಂದ, ಅಷ್ಟೇ.

ಹಾಗಾದರೆ ಯಾರಿಗೆ ಯಾವುದು

ದುಡ್ಡು ಬಿಗಿ ಇದೆ, ಈಗಷ್ಟೇ ಶುರು ಅಂದರೆ ಒಂದೇ ಕೆಟಲ್‌ಬೆಲ್. ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಐದರಿಂದ ಎಂಟು ಸಲ ಪ್ರೆಸ್ ಆಗುವ ತೂಕ ನೋಡಿ. ಅದು ಎಂಟು ದಾಟಿದ ದಿನ ಅದೇ ತೂಕದ ಜೋಡಿ ತನ್ನಿ. ಇನ್ನೂ ಭಾರದ ಒಂಟಿಯನ್ನಲ್ಲ, ಅದೇ ತೂಕದ್ದು. ಕಾಲಿಗೆ ಆಗ ಒಮ್ಮೆಗೇ ದುಪ್ಪಟ್ಟು ಸಿಗುತ್ತದೆ, ಭುಜ ಹಳೆಯ ತೂಕದಲ್ಲೇ ಇರುತ್ತದೆ.

ಸಮಯವೇ ಇಲ್ಲ, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಬೇಕು, ಕೈಗೆ ಕ್ಲೀನ್ ಗೊತ್ತು ಅನ್ನುವವರಿಗೆ ಎರಡು ಕೆಟಲ್‌ಬೆಲ್. ಇಲ್ಲಿ ಯೋಚಿಸುವುದೇ ಬೇಡ.

ಮೈ ತುಂಬಿಕೊಳ್ಳಬೇಕು, ಎದೆ ಭುಜ ಕಾಣಬೇಕು, ಕ್ಲೀನ್ ಇದ್ದರೂ ಸರಿ ಇಲ್ಲದಿದ್ದರೂ ಸರಿ ಅನ್ನುವವರು ಡಂಬೆಲ್ ತಗೊಳ್ಳಿ, ನಾಚಿಕೆ ಬೇಡ. ಎಷ್ಟು ಭಾರ ಎತ್ತುತ್ತೇನೆ ಅನ್ನುವುದೇ ಗುರಿ, ಹತ್ತಿರ ಒಳ್ಳೆಯ ಜಿಮ್ ಇದೆ ಅಂದರೆ ಬಾರ್ಬೆಲ್. ಅದನ್ನು ಮನೆಗೆ ತರುವ ಮೊದಲು ಆರು ತಿಂಗಳು ಬೇರೆಯವರ ರಾಡ್‌ನಲ್ಲಿ ಮಾಡಿ ನೋಡಿ.

ಬಿಪಿ ಇರುವವರು, ಕೈ ಮೇಲೆತ್ತಿದರೆ ಭುಜ ಚುಚ್ಚುವವರು, ಗರ್ಭಿಣಿಯರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಉಸಿರು ಬಿಗಿಹಿಡಿದು ತಳ್ಳುವಾಗ ಬಿಪಿ ಸರ‍್ರನೆ ಏರುತ್ತದೆ. ಭುಜ ಚುಚ್ಚುವವರು ಪ್ರೆಸ್ ಬಿಟ್ಟು ಬರೀ ಕ್ಲೀನ್, ಸ್ಕ್ವಾಟ್ ಮಾಡಬಹುದಾ ಅಂತಲೂ ಅಲ್ಲೇ ಕೇಳಿಕೊಳ್ಳಿ.

ಎರಡನೆಯ ಕೆಟಲ್‌ಬೆಲ್ ಕೊಳ್ಳಲು ಹೊರಟಿರಾ? ಮೊದಲನೆಯದರ ಹಿಡಿಯ ದಪ್ಪ ಅಳೆದುಕೊಂಡು ಹೋಗಿ. ತೂಕ ಒಂದೇ ಇದ್ದರೂ ಒಂದು ಕಂಪನಿಯ ಹಿಡಿ 33 ಮಿ.ಮೀ. ಇರುತ್ತದೆ, ಇನ್ನೊಂದರದ್ದು 38. ನಾನು ಅಳೆಯದೆ ತಂದೆ. ಐದು ಮಿ.ಮೀ. ಏನು ಮಹಾ ಅಂದುಕೊಂಡಿದ್ದೆ. ಆರನೇ ಸುತ್ತಿಗೆ ದಪ್ಪ ಹಿಡಿ ಹಿಡಿದ ಕೈಯೇ ಮೊದಲು ಬಿಡುತ್ತದೆ, ಇವತ್ತಿಗೂ. ಪ್ರತಿ ಸುತ್ತಿಗೆ ಕೈ ಬದಲಾಯಿಸಿಕೊಂಡೇ ಮಾಡುತ್ತಿದ್ದೇನೆ.